ಅಲೆಮಾರಿ ಸಮುರಾಯ್ ಚಿತ್ರಗಳು: ಯಾರು ಯಾವುದರಿಂದ ಶುರು ಮಾಡಬೇಕು

ಒಡೆಯನಿಲ್ಲದ ಸಮುರಾಯ್ ಒಬ್ಬ ನಡೆದುಕೊಂಡು ಯಾವುದೋ ಊರಿಗೆ ಬರುತ್ತಾನೆ. ಆ ಊರಲ್ಲಿ ಅನ್ಯಾಯ ನಡೆಯುತ್ತಿರುತ್ತದೆ. ಕತ್ತಿ ಹಿರಿಯುತ್ತಾನೆ, ಹೆಣ ಬೀಳುತ್ತವೆ, ಮತ್ತೆ ದಾರಿ ಹಿಡಿದು ಹೋಗುತ್ತಾನೆ. ಜಪಾನಿನವರು ರೋನಿನ್ ಎನ್ನುವ ಈ ಅಲೆಮಾರಿಯ ಚಿತ್ರಗಳನ್ನು ಸಾರಾಂಶ ಓದಿ ಆರಿಸಲು ಹೋದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಪಟ್ಟಿಯ ಮೇಲ್ತುದಿಯಲ್ಲಿರುವುದನ್ನು ಹಾಕಿಕೊಂಡು, ಅರ್ಧ ಗಂಟೆ ಕಳೆದರೂ ಒಂದು ಕಾಳಗ ಬರಲಿಲ್ಲವೆಂದು ಬೇಸತ್ತು ನಿಲ್ಲಿಸಿದವರು ಬೇಕಾದಷ್ಟಿದ್ದಾರೆ. ತಪ್ಪು ಚಿತ್ರದ್ದಲ್ಲ, ಆಯ್ಕೆಯದ್ದು.

ಕಥೆಗಿಂತ ಒಳ್ಳೆಯ ಅಳತೆಗೋಲು ಒಂದಿದೆ. ಆ ಚಿತ್ರದಲ್ಲಿ ಒಬ್ಬ ಮನುಷ್ಯ ಬೀಳಲು ಎಷ್ಟು ಏಟು ಬೇಕು? ಒಂದೇ ಏಟಿಗೆ ಬೀಳುವ ಚಿತ್ರಗಳಲ್ಲಿ ಕಾಳಗ ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ಅದಕ್ಕೆ ಮುಂಚಿನ ಮಾತು, ಹೊಂಚು, ಲೆಕ್ಕಾಚಾರವೇ ಅಲ್ಲಿ ಸಿನಿಮಾ. ಐದು ನಿಮಿಷ ಬಡಿದಾಡಿದರೂ ನಾಯಕನ ಎದುರಾಳಿ ಮತ್ತೆ ಏಳುವ ಚಿತ್ರಗಳಲ್ಲಿ ಕಾಳಗವೇ ಸಿನಿಮಾ, ಮಾತು ಬರೀ ನೆಪ. ಇವೆರಡರಲ್ಲಿ ನಿಮಗೆ ಯಾವುದು ಬೇಕೆಂದು ಮೊದಲು ತೀರ್ಮಾನಿಸಿದರೆ ಅರ್ಧ ಕೆಲಸ ಮುಗಿಯಿತು. ಇನ್ನರ್ಧ, ಇಂಗ್ಲಿಷ್ ಸಬ್‌ಟೈಟಲ್ ಎಷ್ಟು ಓದಲು ತಯಾರಿದ್ದೀರಿ ಮತ್ತು ಜೊತೆಗೆ ಮಕ್ಕಳು ಕೂರುತ್ತಾರಾ ಎನ್ನುವುದು.

ಒಂದೇ ಏಟಿನ ಚಿತ್ರಗಳು: ಯೊಜಿಂಬೊ ಮತ್ತು ಸಂಜುರೊ

ಹೊಸಬರಿಗೆ ನಮ್ಮ ಮೊದಲ ಆಯ್ಕೆ ಅಕಿರಾ ಕುರೊಸಾವಾ ಅವರ 1961ರ ಯೊಜಿಂಬೊ. 110 ನಿಮಿಷ, ಕಪ್ಪುಬಿಳುಪು, ಮುಖ್ಯ ಪಾತ್ರದಲ್ಲಿ ತೊಶಿರೊ ಮಿಫುನೆ. ಕವಲುದಾರಿಯಲ್ಲಿ ನಿಂತು ಕಡ್ಡಿಯೊಂದನ್ನು ಮೇಲಕ್ಕೆಸೆದು, ಅದು ಬಿದ್ದ ದಿಕ್ಕಿಗೆ ನಡೆಯುವ ಮನುಷ್ಯ ಈತ. ಸೇರುವ ಊರಿನಲ್ಲಿ ಎರಡು ಗುಂಪುಗಳಿವೆ. ಒಂದರ ಬೆನ್ನಿಗೆ ರೇಷ್ಮೆ ವ್ಯಾಪಾರಿ, ಇನ್ನೊಂದರ ಬೆನ್ನಿಗೆ ಸಾಕೆ ಮದ್ಯದ ವ್ಯಾಪಾರಿ. ಹೆಸರು ಕೇಳಿದರೆ ಕಿಟಕಿಯಾಚೆಯ ಹಿಪ್ಪುನೇರಳೆ ತೋಟ ನೋಡಿ ಅದನ್ನೇ ತನ್ನ ಹೆಸರಾಗಿ ಹೇಳಿಬಿಡುತ್ತಾನೆ.

ಇದರ ಮೊದಲ ಕಾಳಗವನ್ನು ಗಮನಿಸಿ ನೋಡಿ. ಮೂವರ ಎದುರು ನಿಂತು ಅವರನ್ನು ಮಾತಿನಲ್ಲೇ ಕೆರಳಿಸುತ್ತಾನೆ. ಕತ್ತಿ ಒರೆಯಿಂದ ಹೊರಬಂದದ್ದಷ್ಟೇ ಕಣ್ಣಿಗೆ ಬೀಳುತ್ತದೆ. ಇಬ್ಬರು ನೆಲಕ್ಕುರುಳಿರುತ್ತಾರೆ, ಮೂರನೆಯವನ ತೋಳು ಕತ್ತರಿಸಿ ಬಿದ್ದಿರುತ್ತದೆ. ಹಿಂದಿರುಗುವಾಗ ಶವಪೆಟ್ಟಿಗೆ ಮಾಡುವವನಿಗೆ ಎರಡು ಪೆಟ್ಟಿಗೆ ಸಾಕೆಂದು ಹೇಳಿ, ಒಂದು ಹೆಜ್ಜೆ ಇಟ್ಟು, ಬಹುಶಃ ಮೂರು ಬೇಕಾಗಬಹುದು ಎಂದು ತಿದ್ದುತ್ತಾನೆ. ಚಿತ್ರದ ಧಾಟಿ ಇದೇ. ಕಾಳಗಕ್ಕಿಂತ ಅದರ ಹಿಂದು ಮುಂದಿನ ತಮಾಷೆ ಹೆಚ್ಚು ಹೊತ್ತು ನಡೆಯುತ್ತದೆ. ಎರಡೂ ಗುಂಪನ್ನು ಬೀದಿಗೆ ಎಳೆದು ತಂದು, ತಾನು ಗೋಪುರ ಹತ್ತಿ ಕೂತು, ಅವರು ಒಬ್ಬರಿಗೊಬ್ಬರು ಹೆದರಿ ಮುಂದೆ ಬಾರದೆ ಹಿಂದೆ ಹೋಗದೆ ಪರದಾಡುವುದನ್ನು ನೋಡಿ ನಗುವ ದೃಶ್ಯದಲ್ಲಿ ಇಂಥ ಚಿತ್ರಗಳ ವೀರಾವೇಶದ ಗಾಳಿಯೆಲ್ಲ ಇಳಿದುಹೋಗುತ್ತದೆ.

ಕತ್ತಿಯ ಕಾಲ ಮುಗಿಯುತ್ತಿದೆ ಎಂಬ ಸುಳಿವೂ ಇದರಲ್ಲಿದೆ. ಕಥೆ ನಡೆಯುವುದು 1860ರ ಸುಮಾರಿಗೆ, ಸಮುರಾಯ್ ಆಡಳಿತದ ಕೊನೆಗಾಲದಲ್ಲಿ. ತತ್ಸುಯಾ ನಕಾದಾಯ್ ಮಾಡಿದ ಖಳ ಕಿಮೊನೊ ಒಳಗಿಂದ ರಿವಾಲ್ವರ್ ತೆಗೆಯುತ್ತಾನೆ. ಇಟಲಿಯ ಸೆರ್ಜಿಯೊ ಲಿಯೊನೆ 1964ರಲ್ಲಿ ಇದೇ ಕಥೆಯನ್ನು ಅನುಮತಿಯಿಲ್ಲದೆ ಕೌಬಾಯ್ ಚಿತ್ರವಾಗಿಸಿದಾಗ ಯೊಜಿಂಬೊ ತೆಗೆದ ತೊಹೊ ಸಂಸ್ಥೆ ದಾವೆ ಹೂಡಿ ಪರಿಹಾರ ಪಡೆಯಿತು. ಕ್ಲಿಂಟ್ ಈಸ್ಟ್‌ವುಡ್ ಅವರ ಆ ಚಿತ್ರ ನೋಡಿದವರಿಗೆ ಯೊಜಿಂಬೊದ ಕಥೆ ಗೊತ್ತಿರುತ್ತದೆ. ಆದರೂ ನೋಡಬಹುದು, ಕುರೊಸಾವಾ ಅವರ ನಗು ಅದರಲ್ಲಿ ಇಲ್ಲ.

ಮರುವರ್ಷ, 1962ರಲ್ಲಿ, ಅದೇ ಪಾತ್ರವನ್ನಿಟ್ಟು ಬಂದ ಸಂಜುರೊ ಸುಮಾರು ಒಂದೂವರೆ ಗಂಟೆಯದು. ಮೊದಲನೆಯದನ್ನು ನೋಡಿರಬೇಕೆಂದೇನಿಲ್ಲ. ಒಂಬತ್ತು ಮಂದಿ ಹುಡುಗ ಸಮುರಾಯ್‌ಗಳು ಭ್ರಷ್ಟಾಚಾರ ಬಯಲಿಗೆಳೆಯಲು ಹೊರಟು ಎಡವಟ್ಟು ಮಾಡಿಕೊಳ್ಳುತ್ತಾರೆ, ಈ ಕೊಳಕು ಅಲೆಮಾರಿ ಅವರನ್ನು ಕಾಪಾಡಬೇಕು. ಯೊಜಿಂಬೊಗಿಂತ ಹಗುರ, ಹೆಚ್ಚು ನಗೆ. ಆದರೆ ಕೊನೆಯ ದ್ವಂದ್ವಕ್ಕಾಗಿಯೇ ಇದನ್ನು ಬೇರೆಯಾಗಿ ಎತ್ತಿ ಹೇಳಬೇಕು. ಮಿಫುನೆ ಮತ್ತು ನಕಾದಾಯ್ ಕೈಗೆಟಕುವಷ್ಟು ಹತ್ತಿರ ನಿಂತು ಅಲುಗಾಡದೆ ಒಬ್ಬರನ್ನೊಬ್ಬರು ನೋಡುತ್ತಾರೆ. ಕ್ಯಾಮೆರಾ ಕದಲುವುದಿಲ್ಲ, ಸಂಗೀತವಿಲ್ಲ. ಒಂದೇ ಹಿರಿತ, ಒಂದೇ ಏಟು, ಆಮೇಲೆ ಒತ್ತಡದಲ್ಲಿ ತುಂಬಿಟ್ಟಿದ್ದ ಕೃತಕ ರಕ್ತ ಕಾರಂಜಿಯಂತೆ ಚಿಮ್ಮುತ್ತದೆ. ಮುಂದಿನ ದಶಕದ ಜಪಾನಿ ಚಿತ್ರಗಳಲ್ಲಿ ರಕ್ತ ಚಿಮ್ಮುವುದು ರೂಢಿಯಾದದ್ದು ಇಲ್ಲಿಂದ. ಮೊಬೈಲ್ ನೋಡುತ್ತಾ ಕೂತವರು ತಪ್ಪಿಸಿಕೊಳ್ಳುವುದು ಸರಿಯಾಗಿ ಇದನ್ನೇ.

ಹನ್ನೆರಡು ವರ್ಷ ದಾಟಿದ ಮಕ್ಕಳ ಜೊತೆ ಇವೆರಡನ್ನೂ ನೋಡಬಹುದು. ಯೊಜಿಂಬೊ ಶುರುವಾದ ಸ್ವಲ್ಪ ಹೊತ್ತಿಗೆ ನಾಯಿಯೊಂದು ಮನುಷ್ಯನ ಕೈ ಕಚ್ಚಿಕೊಂಡು ಬರುತ್ತದೆ, ಅಷ್ಟು ಮುಂಚಿತವಾಗಿ ಗೊತ್ತಿರಲಿ.

ಧಾರಾವಾಹಿಯಂತೆ ನೋಡಬೇಕೆಂದರೆ: ಜಾಟೊಯಿಚಿ

ಒಂದು ಪಾತ್ರ ಹಿಡಿಸಿದರೆ ತಿಂಗಳುಗಟ್ಟಲೆ ಅದರ ಜೊತೆ ಇರಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯದು ಸಿಗದು. ಶಿಂತಾರೊ ಕತ್ಸು 1962ರಿಂದ 1973ರವರೆಗೆ 25 ಚಿತ್ರಗಳಲ್ಲಿ, 1989ರಲ್ಲಿ ಇನ್ನೊಂದರಲ್ಲಿ ಈ ಪಾತ್ರ ಮಾಡಿದರು. ನಡುವೆ 100 ಕಂತುಗಳ ಟಿವಿ ಸರಣಿಯೂ ಇದೆ.

ಜಾಟೊಯಿಚಿ, ಚಿಕ್ಕದಾಗಿ ಇಚಿ, ಸಮುರಾಯ್ ಅಲ್ಲ. ಮಾಲೀಸು ಮಾಡಿ ಹೊಟ್ಟೆ ಹೊರೆಯುವ ಕುರುಡ, ಜೊತೆಗೆ ಜೂಜುಕೋರ. ರಾಜಾರೋಷವಾಗಿ ಕತ್ತಿ ಕಟ್ಟಿಕೊಳ್ಳುವ ಹಕ್ಕು ಅವನಿಗಿಲ್ಲ, ಆದ್ದರಿಂದ ಅಲಗು ಊರುಗೋಲಿನೊಳಗೆ ಅಡಗಿದೆ. ಕಾಳಗದ ಶೈಲಿಯೂ ಇದರಿಂದಲೇ ಹುಟ್ಟಿದ್ದು. ಕೋಲುಕತ್ತಿ ನೇರವಾದದ್ದು, ಅದಕ್ಕೆ ಕೈಕಾಪು ಇಲ್ಲ. ಅದನ್ನು ತಲೆಕೆಳಗಾಗಿ ಹಿಡಿಯುತ್ತಾನೆ, ಅಲಗು ಮುಂಗೈಗುಂಟ ಹಿಂದಕ್ಕಿರುತ್ತದೆ. ಕಣ್ಣು ಕಾಣದವನು ಓಡಿ ಹೋಗಿ ಹೊಡೆಯಲಾರ. ಕಿವಿಗೊಟ್ಟು ನಿಂತು, ಎದುರಾಳಿಗಳು ತೋಳಳತೆಗೆ ಬಂದಾಗ ಗಿರಕಿ ಹೊಡೆದು ನಾಲ್ವರನ್ನು ಒಟ್ಟಿಗೆ ಬೀಳಿಸುತ್ತಾನೆ. ಒಂದೇ ಏಟಿನ ನಿಯಮ ಇಲ್ಲೂ ಇದೆ, ಏಟುಗಳ ಸಂಖ್ಯೆ ಮಾತ್ರ ಹೆಚ್ಚು.

ಕೆಂಜಿ ಮಿಸುಮಿ ನಿರ್ದೇಶಿಸಿದ ಮೊದಲ ಚಿತ್ರದಲ್ಲಿ ಕತ್ತಿ ಹೊರಬರುವ ಮುಂಚೆಯೇ ಅವನ ಬುದ್ಧಿ ಎಂಥದ್ದೆಂದು ತೋರಿಸುವ ಜೂಜಿನ ದೃಶ್ಯವಿದೆ. ಇಚಿ ಬಟ್ಟಲಿನಲ್ಲಿ ದಾಳ ಅಲುಗಾಡಿಸಿ ಬೋರಲು ಹಾಕುತ್ತಾನೆ. ದಾಳಗಳು ಬಟ್ಟಲಿನಿಂದಾಚೆ ಬಿದ್ದಿವೆ, ಕುರುಡನಿಗೆ ಗೊತ್ತಾಗಿಲ್ಲ. ಸುತ್ತ ಕೂತವರು ಕಣ್ಣಲ್ಲೇ ಮಾತಾಡಿಕೊಂಡು ಕಾಣುವ ಅಂಕಿಗೇ ದುಡ್ಡು ಕಟ್ಟುತ್ತಾರೆ. ಎಲ್ಲರೂ ಕಟ್ಟಿದ ಮೇಲೆ ಇಚಿ, ಅಯ್ಯೋ ಇವು ನನ್ನ ಅಂಗಿತೋಳಿನಿಂದ ಜಾರಿದವು ಎಂದು ಆ ದಾಳಗಳನ್ನು ಎತ್ತಿಟ್ಟುಕೊಂಡು ಬಟ್ಟಲೆತ್ತುತ್ತಾನೆ. ನಿಜವಾದ ದಾಳಗಳು ಒಳಗಿವೆ, ಅಂಕಿ ಬೇರೆ. ಮೋಸ ಮಾಡಿದೆ ಎಂದು ಬೈಯುವ ಬಾಯಿ ಯಾರಿಗೂ ಇಲ್ಲ, ಅವರೂ ಮಾಡಲು ಹೊರಟದ್ದು ಅದನ್ನೇ.

ಎಲ್ಲ 26ನ್ನೂ ಸಾಲಾಗಿ ನೋಡುವುದು ಬೇಡ. ಮಾದರಿ ಒಂದೇ ಆದ್ದರಿಂದ ಎಂಟನೆಯದರ ಹೊತ್ತಿಗೆ ದಣಿವಾಗುತ್ತದೆ. ಮೊದಲನೆಯದನ್ನು ಖಂಡಿತ ನೋಡಿ. ಕ್ಷಯರೋಗಿ ರೋನಿನ್ ಒಬ್ಬನ ಜೊತೆ ಇಚಿಗೆ ಬೆಳೆಯುವ ಸ್ನೇಹ ಸರಣಿಯಲ್ಲೇ ಅತ್ಯಂತ ಹದವಾದ ಬರವಣಿಗೆ. ಆಮೇಲೆ ಎಂಟನೆಯದಕ್ಕೆ ಹಾರಬಹುದು (1964, ಕೈಗೂಸನ್ನು ಎತ್ತಿಕೊಂಡು ಅಲೆಯುವ ಕಥೆ), ನಂತರ ಹನ್ನೆರಡನೆಯದು (1965, ಶೋಗಿ ಎಂಬ ಜಪಾನಿ ಚದುರಂಗ ಆಡುವ ಸಮುರಾಯ್ ಜೊತೆಗಿನದು). ಮೂರೂ ಮಿಸುಮಿಯವರವೇ. ಮೊದಲ ಎರಡು ಮಾತ್ರ ಕಪ್ಪುಬಿಳುಪು, ಮೂರನೆಯದರಿಂದ ಬಣ್ಣ. 1970ರ ಇಪ್ಪತ್ತನೆಯದರ ಹೆಸರಲ್ಲಿ ಯೊಜಿಂಬೊ ಇದೆ, ಮಿಫುನೆಯೂ ಇದ್ದಾರೆ, ಆದರೆ ಅದು ಕುರೊಸಾವಾ ಚಿತ್ರದ ಪಾತ್ರವಲ್ಲ. ಆ ಆಸೆ ಇಟ್ಟುಕೊಂಡು ಕೂತರೆ ನಿರಾಸೆಯೇ.

2003ರಲ್ಲಿ ತಕೇಶಿ ಕಿತಾನೊ ಅದೇ ಪಾತ್ರವನ್ನು ಕೆಂಚುಗೂದಲಿನಲ್ಲಿ ಮಾಡಿದರು, ವೆನಿಸ್ ಉತ್ಸವದಲ್ಲಿ ನಿರ್ದೇಶನಕ್ಕೆ ಬೆಳ್ಳಿ ಸಿಂಹ ಪ್ರಶಸ್ತಿ ಪಡೆದರು. 116 ನಿಮಿಷ, ಕಂಪ್ಯೂಟರಿನಲ್ಲಿ ಬಿಡಿಸಿದ ರಕ್ತ, ರೈತರು ನೆಲ ಅಗೆಯುವ ಸದ್ದೇ ತಾಳವಾಗುವ ಹಾಡು, ಕೊನೆಗೆ ಮರದ ಪಾದುಕೆ ತೊಟ್ಟ ಊರಿನವರ ಕುಣಿತ. ಹಳೆಯ ಚಿತ್ರಗಳ ಗತಿ ಒಗ್ಗದವರಿಗೆ ಜಾಟೊಯಿಚಿಯ ಪರಿಚಯ ಇದರಿಂದಲೇ ಆಗಲಿ. ಆದರೆ ಕತ್ಸು ಅವರ ಇಚಿಯಲ್ಲಿರುವ ಅಂಜಿಕೆ, ಪಶ್ಚಾತ್ತಾಪ ಇಲ್ಲಿ ಹುಡುಕಬೇಡಿ.

ಮುಸಾಶಿ: ಮೂರು ಭಾಗವೋ ಐದು ಭಾಗವೋ

ಮಿಯಾಮೊತೊ ಮುಸಾಶಿ ಚಾರಿತ್ರಿಕ ವ್ಯಕ್ತಿ, 1645ರಲ್ಲಿ ತೀರಿಕೊಂಡವನು, ಎರಡು ಕತ್ತಿ ಹಿಡಿದು ಹೋರಾಡುವ ಪಂಥ ಕಟ್ಟಿದವನು. ಚಿತ್ರಗಳ ಮುಸಾಶಿ ಮಾತ್ರ ಬಹುಮಟ್ಟಿಗೆ ಎಯ್ಜಿ ಯೊಶಿಕಾವಾ 1935ರಿಂದ 1939ರವರೆಗೆ ಪತ್ರಿಕೆಯಲ್ಲಿ ಬರೆದ ಕಾದಂಬರಿಯವನು. ಹುಂಬ ಹುಡುಗ 1600ರ ಸೆಕಿಗಹಾರಾ ಯುದ್ಧದಲ್ಲಿ ಸೋತ ಪಕ್ಷದಲ್ಲಿದ್ದು, ಅಲೆದಲೆದು ಪಳಗಿ, 1612ರಲ್ಲಿ ಗನ್ರ್ಯು ದ್ವೀಪದಲ್ಲಿ ಸಸಾಕಿ ಕೊಜಿರೊನನ್ನು ಎದುರಿಸುವವರೆಗಿನ ಕಥೆ.

ಹಿರೋಶಿ ಇನಾಗಾಕಿ ಇದನ್ನು 1954, 1955, 1956ರಲ್ಲಿ ಮೂರು ಬಣ್ಣದ ಚಿತ್ರಗಳಾಗಿ ತೆಗೆದರು. ಮಿಫುನೆಯೇ ನಾಯಕ, ಒಟ್ಟು ಸುಮಾರು ಐದು ಗಂಟೆ, ಮೊದಲ ಭಾಗಕ್ಕೆ ಗೌರವ ಆಸ್ಕರ್ ಬಂದಿದೆ. ತೊಮು ಉಚಿದಾ 1961ರಿಂದ 1965ರವರೆಗೆ ವರ್ಷಕ್ಕೊಂದರಂತೆ ಐದು ಭಾಗ ತೆಗೆದರು. ನಾಯಕ ಕಿನ್ನೊಸುಕೆ ನಾಕಾಮುರಾ, ಕೊಜಿರೊ ಪಾತ್ರದಲ್ಲಿ ಕೆನ್ ತಕಾಕುರಾ, ಒಟ್ಟು ಒಂಬತ್ತು ಗಂಟೆ ಮೀರುತ್ತದೆ.

ಪ್ರಸಿದ್ಧಿ ಇನಾಗಾಕಿಯವರದಕ್ಕೆ, ನಮ್ಮ ಮತ ಉಚಿದಾ ಅವರಿಗೆ. ಇನಾಗಾಕಿ ಚಿತ್ರಗಳಲ್ಲಿ ಪ್ರೇಮ ಪ್ರಕರಣ ಜಾಸ್ತಿ, ಕಾಳಗ ಚಿತ್ರಪಟದಷ್ಟು ಚೆಂದ ಮತ್ತು ಅಷ್ಟೇ ನಿರಪಾಯ. ದೋಣಿಯ ಹುಟ್ಟು ಕೆತ್ತಿ ಮಾಡಿದ ಮರದ ಕತ್ತಿ ಹಿಡಿದು ಸಮುದ್ರತೀರದಲ್ಲಿ ನಡೆಯುವ ಕೊನೆಯ ದ್ವಂದ್ವ ಕಣ್ಣಿಗೆ ಹಬ್ಬ ನಿಜ, ಅಲ್ಲಿಗೆ ತಲುಪುವಷ್ಟರಲ್ಲಿ ತಾಳ್ಮೆ ಕರಗಿರುತ್ತದೆ. ಉಚಿದಾ ಅವರ ನಾಲ್ಕನೆಯ ಭಾಗದಲ್ಲಿ (1964) ಇಚಿಜೊಜಿ ಹೊಲದ ಕಾಳಗ ಬಂದಾಗ ಬಣ್ಣ ಬಸಿದುಹೋಗಿ ಪರದೆ ಕಪ್ಪುಬಿಳುಪಾಗುತ್ತದೆ. ಎದುರಿಗೆ ಎಪ್ಪತ್ತಕ್ಕೂ ಹೆಚ್ಚು ಜನ. ಮುಸಾಶಿ ವೀರನಂತೆ ನಿಂತು ಎದುರಿಸುವುದಿಲ್ಲ, ಗದ್ದೆಯ ಕೆಸರಿನಲ್ಲಿ ಓಡುತ್ತಾನೆ, ಎಡವುತ್ತಾನೆ, ಏದುಸಿರು ಬಿಡುತ್ತಾನೆ. ಎದುರಾಳಿ ಮನೆತನದ ಎಳೆಯ ವಾರಸುದಾರನನ್ನು ಕೊಂದದ್ದನ್ನೂ ಚಿತ್ರ ಮುಚ್ಚಿಡುವುದಿಲ್ಲ. ಐದನೆಯ ಭಾಗವಿಡೀ ಆ ಕೊಲೆಯ ಭಾರ ಹೊರುತ್ತದೆ. ಸಮಯವಿಲ್ಲದವರು ಇನಾಗಾಕಿಯ ಮೂರನೆಯದನ್ನು ಮಾತ್ರ ನೋಡಿದರೂ ಅರ್ಥವಾಗುತ್ತದೆ. ಉಚಿದಾ ಸರಣಿಯಲ್ಲಿ ಹಾಗೆ ನಡುವೆ ನುಗ್ಗಲಾಗದು, ಮೊದಲಿನಿಂದಲೇ ಬರಬೇಕು.

ಇದೇ ಇಚಿಜೊಜಿ ಕಾಳಗವನ್ನು 2020ರ ಕ್ರೇಜಿ ಸಮುರಾಯ್ ಮುಸಾಶಿ 77 ನಿಮಿಷಗಳ ಒಂದೇ ಶಾಟ್‌ನಲ್ಲಿ ತೋರಿಸುತ್ತದೆ. ನಟ ತಾಕ್ ಸಕಾಗುಚಿ 588 ಮಂದಿಯನ್ನು ಉರುಳಿಸುತ್ತಾರೆ. ಸಾಹಸವಾಗಿ ಮೆಚ್ಚಬಹುದು, ನಟನ ದಣಿವು ನಿಜವಾದದ್ದು. ಚಿತ್ರವಾಗಿ ಇಪ್ಪತ್ತು ನಿಮಿಷಕ್ಕೇ ಸಾಕಾಗುತ್ತದೆ, ಕತ್ತರಿ ಹಾಕದೆ ಎದುರಾಳಿಗಳ ಬರವನ್ನೂ ವೇಗವನ್ನೂ ಬದಲಿಸುವ ದಾರಿ ಕಡಿಮೆ.

ಎರಡನೆಯ ಸುತ್ತಿಗೆ ಇಟ್ಟುಕೊಳ್ಳಬೇಕಾದವು

ಮಸಾಕಿ ಕೊಬಯಾಶಿಯವರ ಹರಾಕಿರಿ (1962) ಈ ಪ್ರಕಾರದ ಅತ್ಯುತ್ತಮ ಚಿತ್ರವೆಂದರೆ ತಕರಾರು ಮಾಡುವವರು ಕಡಿಮೆ. ಆದರೂ ಮೊದಲಿಗೇ ಹಾಕಿಕೊಳ್ಳಬೇಡಿ. ಎರಡು ಗಂಟೆ ಹದಿಮೂರು ನಿಮಿಷದಲ್ಲಿ ಹೆಚ್ಚಿನ ಪಾಲು ಅಂಗಳದಲ್ಲಿ ಕೂತ ಒಬ್ಬ ಮನುಷ್ಯನ ಮಾತು. 1630ನೇ ಇಸವಿ, ಕೆಲಸ ಕಳೆದುಕೊಂಡ ರೋನಿನ್ ಒಬ್ಬ ಶ್ರೀಮಂತ ಮನೆತನದ ಬಾಗಿಲಿಗೆ ಬಂದು, ಇಲ್ಲಿ ಹೊಟ್ಟೆ ಸೀಳಿಕೊಂಡು ಸಾಯಲು ಜಾಗ ಕೊಡಿ ಎನ್ನುತ್ತಾನೆ. ಸಮುರಾಯ್ ಗೌರವವೆಂಬುದನ್ನು ಇದು ಒಂದೊಂದೇ ಪದರ ಬಿಚ್ಚಿ ತೋರಿಸುತ್ತದೆ. ಆ ಗೌರವವನ್ನು ಮೆರೆಸುವ ನಾಲ್ಕಾರು ಚಿತ್ರ ನೋಡಿದವರಿಗೇ ಅದರ ಪೆಟ್ಟು ಸರಿಯಾಗಿ ತಾಗುವುದು. ಬಿದಿರಿನ ಅಲಗಿನ ಒಂದು ದೃಶ್ಯ ದೊಡ್ಡವರಿಗೂ ಕಷ್ಟ. ಸಬ್‌ಟೈಟಲ್ ಹೊರೆಯೂ ಈ ಪಟ್ಟಿಯಲ್ಲೇ ಅತಿ ಹೆಚ್ಚು.

ಕಿಹಾಚಿ ಒಕಾಮೊತೊ ಅವರ ಸ್ವೋರ್ಡ್ ಆಫ್ ಡೂಮ್ (1966) ನಾಯಕನೇ ಕೆಡುಕನಾದ ಚಿತ್ರ. ಕತ್ತಿವರಸೆ ಬೆರಗು ಹುಟ್ಟಿಸುತ್ತದೆ. ಆದರೆ ಉದ್ದನೆಯ ಕಾದಂಬರಿಯ ಆರಂಭವನ್ನಷ್ಟೇ ಇಟ್ಟುಕೊಂಡು ಮುಂದಿನ ಭಾಗ ಬರುತ್ತದೆಂಬ ಲೆಕ್ಕದಲ್ಲಿ ತೆಗೆದದ್ದು, ಮುಂದಿನ ಭಾಗ ಬರಲೇ ಇಲ್ಲ. ಕಾಳಗದ ನಡುವೆಯೇ ದೃಶ್ಯ ಸ್ತಬ್ಧವಾಗಿ ಚಿತ್ರ ಮುಗಿಯುತ್ತದೆ. ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ.

ರಕ್ತ ನೋಡಲಾಗದವರಿಗೆ, ಮನೆಮಂದಿಗೆಲ್ಲ ಒಂದು ಚಿತ್ರ ಬೇಕೆಂದರೆ ಆಫ್ಟರ್ ದ ರೇನ್ (1999). ಕುರೊಸಾವಾ ಬಿಟ್ಟುಹೋದ ಚಿತ್ರಕಥೆಯನ್ನು ಅವರ ಸಹಾಯಕರಾಗಿದ್ದ ತಕಾಶಿ ಕೊಯಿಜುಮಿ ನಿರ್ದೇಶಿಸಿದ್ದಾರೆ. ಹೊಳೆ ತುಂಬಿ ಛತ್ರದಲ್ಲಿ ಸಿಕ್ಕಿಬಿದ್ದ ಸಜ್ಜನ ರೋನಿನ್ ಮತ್ತು ಅವನ ಹೆಂಡತಿಯ ಕಥೆ, ಒಂದೂವರೆ ಗಂಟೆ. ಮಳೆಗಾಲದ ರವಿವಾರಕ್ಕೆ ಹೇಳಿ ಮಾಡಿಸಿದ್ದು.

ರಕ್ತ ಮತ್ತು ವೇಗ: ಲೋನ್ ವುಲ್ಫ್ ಆ್ಯಂಡ್ ಕಬ್

ಜಪಾನನ್ನು ಆಳುವ ಸೇನಾಧಿಪತಿ ಶೋಗುನ್‌ನ ಅಧಿಕೃತ ಶಿರಚ್ಛೇದಕ ಒಗಾಮಿ ಇತ್ತೊ ಪಿತೂರಿಯಿಂದ ಎಲ್ಲ ಕಳೆದುಕೊಂಡು, ಮೂರು ವರ್ಷದ ಮಗ ದಾಯ್ಗೊರೊನನ್ನು ಮರದ ಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಬಾಡಿಗೆ ಕೊಲೆಗಾರನಾಗಿ ಅಲೆಯುತ್ತಾನೆ. ಒಂದು ಕೊಲೆಗೆ 500 ರ್ಯೊ, ಅಂದರೆ ಅಷ್ಟು ಚಿನ್ನದ ನಾಣ್ಯ. ಕಜುಒ ಕೊಯಿಕೆ ಬರೆದು ಗೊಸೆಕಿ ಕೊಜಿಮಾ ಚಿತ್ರ ಬಿಡಿಸಿದ ಮಾಂಗಾದಿಂದ (ಜಪಾನಿ ಕಾಮಿಕ್ಸ್) 1972–74ರಲ್ಲಿ ಆರು ಚಿತ್ರಗಳು ಬಂದವು. ನಾಯಕ ತೊಮಿಸಾಬುರೊ ವಾಕಾಯಾಮಾ, ಜಾಟೊಯಿಚಿಯ ಕತ್ಸು ಅವರ ಅಣ್ಣ. ದಪ್ಪ ಮೈ, ಆದರೆ ಕತ್ತಿ ತಿರುಗಿಸುವಾಗ ಆ ವೇಗ ನಂಬಲಾಗದು. ಎಂಬತ್ತು ನಿಮಿಷದ ಆಸುಪಾಸಿನ ಚಿತ್ರಗಳು, ಮಾತು ಕಡಿಮೆ, ಸಬ್‌ಟೈಟಲ್ ಓದುವುದರಲ್ಲಿ ಹಿಂದೆ ಬೀಳುವವರಿಗೆ ಅನುಕೂಲ.

ಮೊದಲ ಎರಡನ್ನು ಒಂದರ ಹಿಂದೊಂದು ನೋಡಿ. ಮೊದಲನೆಯದರಲ್ಲಿ ಹಿನ್ನೆಲೆ ಇದೆ: ಮಗುವಿನ ಮುಂದೆ ಚೆಂಡನ್ನೂ ಕತ್ತಿಯನ್ನೂ ಇಟ್ಟು, ಚೆಂಡು ಮುಟ್ಟಿದರೆ ತಾಯಿಯ ಬಳಿಗೆ, ಕತ್ತಿ ಮುಟ್ಟಿದರೆ ನನ್ನ ಜೊತೆಗೆ ಎಂದು ಅಪ್ಪ ಕಾಯುವ ದೃಶ್ಯ. ತಾಯಿ ಸತ್ತಿರುತ್ತಾಳೆ. ಎರಡನೆಯದು ಆರರಲ್ಲೂ ಬಿಗಿಯಾದದ್ದು, ಮರಳುದಿಬ್ಬಗಳ ಮೇಲಿನ ಕೊನೆಯ ಕಾಳಗ ಅದರಲ್ಲೇ ಇದೆ. ಆರನೆಯದು ಮುಗಿದರೂ ಕಥೆ ಮುಗಿಯುವುದಿಲ್ಲ, ಅಂತ್ಯ ಬೇಕೆಂದರೆ ಮಾಂಗಾವನ್ನೇ ಓದಬೇಕು. ಬೆತ್ತಲೆ, ಲೈಂಗಿಕ ಹಿಂಸೆ ಎರಡೂ ಇವೆ. ಗಾಡಿಯಲ್ಲಿ ಮಗುವಿದೆ ಎಂದು ಮಕ್ಕಳಿಗೆ ತೋರಿಸಹೋಗಬೇಡಿ.

ಶೋಗುನ್ ಅಸಾಸಿನ್ (1980) ಎಂಬ ಹೆಸರಿನಲ್ಲಿ ಸಿಗುವುದು ಬೇರೆಯದೇ ಚಿತ್ರವಲ್ಲ. ಮೊದಲನೆಯದರ ಕೆಲವು ನಿಮಿಷ, ಎರಡನೆಯದರ ಬಹುಪಾಲು ಸೇರಿಸಿ, ಇಂಗ್ಲಿಷ್ ಡಬ್ ಮಾಡಿ, ಹೊಸ ಸಂಗೀತ ಹಾಕಿದ ಅಮೆರಿಕದ ಪ್ರತಿ. ಮೂಲ ಎರಡನ್ನು ನೋಡಿದವರಿಗೆ ಅದರ ಅಗತ್ಯವಿಲ್ಲ.

ಕಾಳಗವೇ ಬೇಕೆನ್ನುವವರಿಗೆ: ರುರೌನಿ ಕೆನ್‌ಶಿನ್

ಆಧುನಿಕ ಆ್ಯಕ್ಷನ್ ನೋಡಿ ಬೆಳೆದವರು ನೇರ ಇಲ್ಲಿಗೆ ಬರಬಹುದು. 1878, ಸಮುರಾಯ್ ಆಡಳಿತ ಮುಗಿದಿದೆ, ಬೀದಿಯಲ್ಲಿ ಕತ್ತಿ ಧರಿಸುವುದನ್ನು 1876ರಲ್ಲೇ ನಿಷೇಧಿಸಲಾಗಿದೆ. ಒಂದು ಕಾಲದ ಕೊಲೆಗಾರ ಕೆನ್‌ಶಿನ್ ಇನ್ನು ಕೊಲ್ಲುವುದಿಲ್ಲವೆಂದು ಪಣತೊಟ್ಟು ಅಲೆಯುತ್ತಿದ್ದಾನೆ. ಅವನ ಕತ್ತಿಯ ಹರಿತ ತಿರುಗುಮುರುಗು: ಎದುರಾಳಿಗೆ ತಾಗುವ ಬದಿ ಮೊಂಡು, ಹರಿತ ಇರುವುದು ಅವನ ಕಡೆಗೆ. ಹೊಡೆದರೆ ಎಲುಬು ಮುರಿಯುತ್ತದೆ, ತಲೆ ಉರುಳುವುದಿಲ್ಲ. ಅಷ್ಟುದ್ದ ಕಾಳಗಗಳು ಇಲ್ಲಿ ಒಪ್ಪುವುದು ಈ ಕಾರಣಕ್ಕೇ. ಯೊಜಿಂಬೊದ ಕತ್ತಿಗೆ ಇಷ್ಟು ಕಾಲಾವಕಾಶವಿಲ್ಲ. ನಿರ್ದೇಶಕ ಕೇಯ್ಶಿ ಓತೊಮೊ, ನಾಯಕ ಟಕೇರು ಸಾತೊ. ಕಾಳಗ ಹೆಣೆದವರು ಕೆಂಜಿ ತಾನಿಗಾಕಿ, ಹಾಂಗ್‌ಕಾಂಗ್‌ನಲ್ಲಿ ಡೊನಿ ಯೆನ್ ಜೊತೆ ಕೆಲಸ ಮಾಡಿ ಪಳಗಿದವರು. ನೆಲಕ್ಕೆ ಬಾಗಿ ಓಡುವುದು, ಗೋಡೆ ಮೆಟ್ಟಿ ತಿರುಗುವುದು, ಒರೆಯನ್ನೂ ಆಯುಧವಾಗಿ ಬಳಸುವುದು ಎಲ್ಲ ಆ ಪಳಗುವಿಕೆಯ ಫಲ.

ಐದು ಚಿತ್ರಗಳಿವೆ: 2012ರದ್ದು, 2014ರ ಎರಡು, 2021ರ ದ ಫೈನಲ್ ಮತ್ತು ದ ಬಿಗಿನಿಂಗ್. ಪ್ರತಿಯೊಂದೂ ಎರಡೂಕಾಲು ಗಂಟೆಯ ಆಸುಪಾಸು. ಕಥೆಯ ಕಾಲದಲ್ಲಿ ದ ಬಿಗಿನಿಂಗ್ ಮೊದಲನೆಯದು, ಅದರಿಂದಲೇ ಶುರು ಮಾಡಿ ಎಂದು ಹೇಳುವವರಿದ್ದಾರೆ. ಬೇಡ. ಕೆನ್‌ಶಿನ್ ಕೆನ್ನೆಯ ಮೇಲಿನ ಗಾಯದ ಗುಟ್ಟನ್ನು ಮೊದಲ ಚಿತ್ರಗಳು ಜೋಪಾನ ಮಾಡುತ್ತವೆ, ಅದು ಮೊದಲೇ ಬಯಲಾದರೆ ದ ಫೈನಲ್‌ನ ಜೀವವೇ ಹೋಗುತ್ತದೆ. ಬಿಡುಗಡೆಯಾದ ಕ್ರಮವೇ ಸರಿ. 2014ರ ಎರಡನ್ನು ಬೇರೆಬೇರೆ ವಾರಕ್ಕೆ ಇಟ್ಟುಕೊಳ್ಳಬೇಡಿ, ಮೊದಲನೆಯದು ನಡುವೆಯೇ ನಿಲ್ಲುತ್ತದೆ. ಐದರಲ್ಲಿ ಒಂದನ್ನು ಮಾತ್ರ ನೋಡುವುದಾದರೆ ಆಗ ದ ಬಿಗಿನಿಂಗ್. ಅದರಲ್ಲಿ ಕೆನ್‌ಶಿನ್ ಕೈಯಲ್ಲಿರುವುದು ಮಾಮೂಲಿ ಕತ್ತಿ, ಒಂದು ಏಟಿಗೆ ಒಂದು ಹೆಣ. ಕೈ ಕಟ್ಟಿಹಾಕಿದ್ದರೂ ಬಾಯಲ್ಲೇ ಕತ್ತಿ ಕಚ್ಚಿ ಹೊಡೆಯುವ ಆರಂಭದ ದೃಶ್ಯದಲ್ಲೇ ಧಾಟಿ ಬೇರೆಯಾದದ್ದು ತಿಳಿಯುತ್ತದೆ.

ಹುಡುಕುವಾಗ, ಹಾಕುವಾಗ

ಹೆಸರೊಂದನ್ನೇ ನಂಬಿ ಹುಡುಕಿದರೆ ಬೇರೆ ಚಿತ್ರ ಸಿಗುತ್ತದೆ. ಹರಾಕಿರಿ ಎಂದರೆ ತಕಾಶಿ ಮಿಯಿಕೆ 2011ರಲ್ಲಿ ತೆಗೆದ ಮರುಚಿತ್ರಣವೂ ಬರುತ್ತದೆ, ಮೂಲದ ಜಪಾನಿ ಹೆಸರು ಸೆಪ್ಪುಕು. ಜಾಟೊಯಿಚಿ ಎಂದಷ್ಟೇ ಹಾಕಿದರೆ 1989ರದ್ದೋ 2003ರದ್ದೋ ಬರುತ್ತದೆ. ವರ್ಷವನ್ನೂ ನಿರ್ದೇಶಕರ ಹೆಸರನ್ನೂ ಸೇರಿಸಿ ಹುಡುಕಿ.

ಯೊಜಿಂಬೊ ಅಗಲ ಪರದೆಯ ಚಿತ್ರ, ಅನುಪಾತ 2.35:1. ಮನೆಯ ಟಿವಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದೇ ಬರುತ್ತದೆ. ಅದನ್ನು ಹೋಗಿಸಲು ಝೂಮ್ ಮಾಡಿದರೆ ಅಗಲದಲ್ಲಿ ಸುಮಾರು ಕಾಲು ಭಾಗ ಕತ್ತರಿಸಿಹೋಗುತ್ತದೆ. ಎರಡು ಗುಂಪುಗಳನ್ನು ಚೌಕಟ್ಟಿನ ಎರಡು ತುದಿಗೆ ನಿಲ್ಲಿಸಿ ತೆಗೆದ ದೃಶ್ಯದಲ್ಲಿ ಕತ್ತರಿಸಿಹೋಗುವುದು ಆ ಎರಡು ಗುಂಪುಗಳೇ. ಇನಾಗಾಕಿಯ ಮುಸಾಶಿ ಇದಕ್ಕೆ ತದ್ವಿರುದ್ಧ, ಹಳೆಯ 1.37:1 ಚೌಕಟ್ಟು, ಕಪ್ಪು ಪಟ್ಟಿ ಎಡಬಲದಲ್ಲಿ ಬರುತ್ತದೆ. ಹಿಗ್ಗಿಸಿದರೆ ಮಿಫುನೆ ಮುಖ ಕುಂಬಳಕಾಯಿ.

ಟಿವಿಯ ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಕಂಪನಿಗೊಂದು ಹೆಸರಿನಲ್ಲಿ ಅಡಗಿರುತ್ತದೆ, ಸಿನಿಮಾ ಮೋಡ್ ಅಥವಾ ಫಿಲ್ಮ್‌ಮೇಕರ್ ಮೋಡ್ ಆರಿಸಿದರೆ ಬಹುತೇಕ ತಾನಾಗಿಯೇ ತಗ್ಗುತ್ತದೆ. ಈ ಚಿತ್ರಗಳು ಸೆಕೆಂಡಿಗೆ 24 ಚೌಕಟ್ಟಿನಲ್ಲಿ ತೆಗೆದವು. ಟಿವಿ ನಡುವೆ ತನ್ನದೇ ಚೌಕಟ್ಟುಗಳನ್ನು ತುರುಕಿದಾಗ ವೇಗವಾಗಿ ಬೀಸಿದ ಅಲಗಿನ ಸುತ್ತ ಕಲೆಯಂಥ ಮಬ್ಬು ಕಾಣಿಸಿಕೊಳ್ಳುತ್ತದೆ, ಏಟು ಬಿದ್ದ ಕ್ಷಣವೇ ಕರಗಿಹೋಗುತ್ತದೆ.